ಕಟ್ಟಿದ ಬುತ್ತಿಯನ್ನು ಬಿಚ್ಚಿ ನೋಡಿ: ಕಂಪೈಲ್ ಆದ ಕಡತಗಳಲ್ಲಿ ಅಡಗಿರುವ ಪಾಸ್‌ವರ್ಡ್, ಟೋಕನ್‌ಗಳನ್ನು ಪತ್ತೆ ಹಚ್ಚುವ ಬಗೆ

2024ರ ಜೂನ್ 28ರಂದು ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐನ ಭದ್ರತಾ ತಂಡಕ್ಕೆ ಜೆಫ್ರಾಗ್ ಸಂಸ್ಥೆಯ ಸಂಶೋಧಕರಿಂದ ಒಂದು ಎಚ್ಚರಿಕೆ ಬಂತು. ಡಾಕರ್ ಹಬ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾಗಿದ್ದ ಒಂದು ಇಮೇಜಿನೊಳಗೆ (ಪ್ರೋಗ್ರಾಂ ಓಡಲು ಬೇಕಾದುದನ್ನೆಲ್ಲ ಒಟ್ಟಿಗೆ ಕಟ್ಟಿಟ್ಟ ಗಂಟು) ಪೈಪಿಐ ನಿರ್ವಾಹಕರೊಬ್ಬರ ಗಿಟ್‌ಹಬ್ ಟೋಕನ್, ಅಂದರೆ ಪಾಸ್‌ವರ್ಡ್‌ನ ಬದಲಿಗೆ ಬಳಸುವ ಗುಟ್ಟಿನ ಅಕ್ಷರಗಳ ಸಾಲು, ಸಿಕ್ಕಿತ್ತು. ಪೈಥಾನ್ ಭಾಷೆ, ಪೈಪಿಐ, ಪೈಥಾನ್ ಸಾಫ್ಟ್‌ವೇರ್ ಫೌಂಡೇಷನ್ ಈ ಮೂರರ ರೆಪೊಸಿಟರಿಗಳ ಮೇಲೂ ಪೂರ್ಣ ಅಧಿಕಾರವಿದ್ದ ಟೋಕನ್ ಅದು. ಎಚ್ಚರಿಕೆ ಬಂದ 17 ನಿಮಿಷಗಳಲ್ಲಿ ಅದನ್ನು ರದ್ದು ಮಾಡಿದರು. ದುರುಪಯೋಗವಾದ ಕುರುಹು ಸಿಗಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ಬಯಲಲ್ಲಿ ಬಿದ್ದಿತ್ತು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಆ ಇಮೇಜಿನಲ್ಲಿದ್ದ ಸೋರ್ಸ್ ಕೋಡ್ ಶುದ್ಧವಾಗಿತ್ತು. ಟೋಕನ್ ಇದ್ದದ್ದು ಪೈಥಾನ್ ತಾನಾಗಿಯೇ ಕಂಪೈಲ್ ಮಾಡಿ ಇಟ್ಟುಕೊಳ್ಳುವ ಡಾಟ್ ಪಿವೈಸಿ ಕಡತದಲ್ಲಿ. ತನ್ನ ಯಂತ್ರದಲ್ಲಿ ಕೆಲಸ ಮಾಡುವಾಗ ಗಿಟ್‌ಹಬ್ ಎಪಿಐನ ಮಿತಿ ಅಡ್ಡಬಂತೆಂದು ಆ ನಿರ್ವಾಹಕರು ತಮ್ಮದೇ ಟೋಕನ್ ಅನ್ನು ತಾತ್ಕಾಲಿಕವಾಗಿ ಕೋಡಿನಲ್ಲಿ ಬರೆದರು, ಕೆಲಸ ಮುಗಿದ ಮೇಲೆ ಅಳಿಸಿದರು. ನಾವೆಲ್ಲ ಮಾಡಿರುವ ಕೆಲಸವೇ. ಅಳಿಸಿದ್ದು ಮೂಲವನ್ನು ಮಾತ್ರ; ನೆರಳು ಹಾಗೆಯೇ ಉಳಿದು ಇಮೇಜಿನ ಜೊತೆ ಊರು ಸುತ್ತಿತು.

ನಮ್ಮ ತಂಡಗಳಲ್ಲಿ ಈಗ ಸೋರ್ಸ್ ಕೋಡನ್ನು ಜರಡಿ ಹಿಡಿಯುವ ಅಭ್ಯಾಸ ತಕ್ಕಮಟ್ಟಿಗೆ ಬಂದಿದೆ. ಕಮಿಟ್ ಮಾಡುವ ಮೊದಲೇ ತಡೆಯುವ ಹುಕ್‌ಗಳಿವೆ, ಗಿಟ್‌ಹಬ್ ತಾನೇ ಎಚ್ಚರಿಸುತ್ತದೆ. ಆದರೆ ಗ್ರಾಹಕರ ಕೈಗೆ ಹೋಗುವುದು ಸೋರ್ಸ್ ಅಲ್ಲ, ಬಿಲ್ಡ್, ಅಂದರೆ ಸೋರ್ಸ್‌ನಿಂದ ಕಟ್ಟಿ ತಯಾರಿಸಿದ ಕಡತ. ಮುಂಬಾಗಿಲಿಗೆ ಮೂರು ಬೀಗ ಜಡಿದು ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ ಆಗಬಾರದಲ್ಲ? ಕಟ್ಟಿದ ಬುತ್ತಿಯನ್ನು ಕಳುಹಿಸುವ ಮೊದಲು ಒಮ್ಮೆ ಬಿಚ್ಚಿ ನೋಡುವುದು ಹೇಗೆ ಎಂಬುದೇ ಈ ಲೇಖನ. ಓದುಗರಿಗೆ ಟರ್ಮಿನಲ್ ಬಳಕೆ ಗೊತ್ತಿದೆ ಎಂದುಕೊಂಡಿದ್ದೇನೆ. ಆಜ್ಞೆಗಳನ್ನು ಬಾಯಲ್ಲಿ ಹೇಳುವಂತೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಮೊದಲೇ ಒಂದು ಮಾತು. ಇದನ್ನೆಲ್ಲ ನಿಮ್ಮದೇ ಸಾಫ್ಟ್‌ವೇರ್ ಮೇಲೆ, ಇಲ್ಲವೇ ಲಿಖಿತ ಒಪ್ಪಿಗೆ ಕೊಟ್ಟವರ ಸಾಫ್ಟ್‌ವೇರ್ ಮೇಲೆ ಮಾತ್ರ ಮಾಡಿ. ಬೇರೆಯವರ ಆಪ್‌ನಲ್ಲಿ ಕೀ ಸಿಕ್ಕಿತೆಂದು ಅದರಿಂದ ಲಾಗಿನ್ ಆಗಿ ನೋಡಿದರೆ ಅನುಮತಿಯಿಲ್ಲದ ಪ್ರವೇಶವಾಗುತ್ತದೆ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳು ಅದಕ್ಕೆಂದೇ ಇವೆ. ‘ಪರೀಕ್ಷೆ ಮಾಡಿದೆ ಅಷ್ಟೇ’ ಎಂಬ ಸಮಜಾಯಿಷಿಯನ್ನು ನಂಬಿಕೊಂಡು ಕೂರಬೇಡಿ.

ಐದು ನಿಮಿಷದ ಪ್ರಯೋಗ

ಓದುವುದಕ್ಕಿಂತ ಕಣ್ಣಾರೆ ನೋಡುವುದು ಮೇಲು. ಖಾಲಿ ಫೋಲ್ಡರ್ ಒಂದರಲ್ಲಿ ಎರಡು ಪೈಥಾನ್ ಕಡತಗಳನ್ನು ಮಾಡಿ. ಮೊದಲನೆಯದರಲ್ಲಿ ಒಂದೇ ಸಾಲು: ಟೋಕನ್ ಎಂಬ ವೇರಿಯಬಲ್‌ಗೆ ಒಂದು ಸುಳ್ಳು ಟೋಕನ್. ಎರಡನೆಯದು ಮೊದಲನೆಯದನ್ನು ಇಂಪೋರ್ಟ್ ಮಾಡಲಿ. ಎರಡು ಕಡತ ಏಕೆಂದರೆ, ನೀವು ನೇರವಾಗಿ ಓಡಿಸುವ ಕಡತಕ್ಕೆ ಪೈಥಾನ್ ಪಿವೈಸಿ ಮಾಡಿಡುವುದಿಲ್ಲ; ಇಂಪೋರ್ಟ್ ಆದದ್ದಕ್ಕೆ ಮಾತ್ರ ಮಾಡುತ್ತದೆ. ಎರಡನೆಯದನ್ನು ಒಮ್ಮೆ ಓಡಿಸಿ. ಪೈಕ್ಯಾಶ್ ಎಂಬ ಹೆಸರಿನ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ ಫೋಲ್ಡರ್ ಹುಟ್ಟಿಕೊಳ್ಳುತ್ತದೆ. ಈಗ ಮೊದಲ ಕಡತದಿಂದ ಟೋಕನ್ ಅಳಿಸಿ ಸೇವ್ ಮಾಡಿ. ಓಡಿಸಬೇಡಿ. ಆ ಫೋಲ್ಡರ್‌ನೊಳಗಿನ ಪಿವೈಸಿ ಕಡತದ ಮೇಲೆ ಸ್ಟ್ರಿಂಗ್ಸ್ ಆಜ್ಞೆ (ಕಡತದೊಳಗಿನ ಓದಬಹುದಾದ ಅಕ್ಷರಗಳನ್ನು ತೋರಿಸುವಂಥದ್ದು) ಕೊಡಿ.

ಟೋಕನ್ ಅಲ್ಲೇ ಇದೆ, ಒಂದಕ್ಷರವೂ ಮುಕ್ಕಾಗದೆ.

ಮುಂದಿನ ಸಲ ಇಂಪೋರ್ಟ್ ಆದಾಗ ಪೈಥಾನ್ ಮೂಲ ಬದಲಾಗಿರುವುದನ್ನು ಗಮನಿಸಿ ಪಿವೈಸಿಯನ್ನು ಹೊಸದಾಗಿ ಬರೆಯುತ್ತದೆ, ನಿಜ. ಆದರೆ ಅಳಿಸಿದ್ದಕ್ಕೂ ಡಾಕರ್ ಬಿಲ್ಡ್ ಕೊಟ್ಟಿದ್ದಕ್ಕೂ ನಡುವೆ ಯಾರೂ ಓಡಿಸದಿದ್ದರೆ ಹಳೆಯದೇ ಪ್ಯಾಕ್ ಆಗುತ್ತದೆ. ಇನ್ನೊಂದು ದಾರಿಯೂ ಇದೆ. ಪಿವೈಸಿ ಕಡತದ ಹೆಸರಿನಲ್ಲೇ ಪೈಥಾನ್ ಆವೃತ್ತಿಯ ಸಂಖ್ಯೆ ಇರುತ್ತದೆ. ನೀವು 3.11ರಿಂದ 3.12ಕ್ಕೆ ಹೋದರೆ 311 ಎಂದು ಗುರುತಿರುವ ಹಳೆಯ ಕಡತವನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಅಟ್ಟದ ಮೇಲಿನ ಹಳೆಯ ಟ್ರಂಕಿನಂತೆ ಅದು ಅಲ್ಲೇ ಕುಳಿತಿರುತ್ತದೆ.

ಇದೇ ಪ್ರಯೋಗವನ್ನು ಸ್ವಲ್ಪ ಬದಲಿಸಿ. ಟೋಕನ್ ಅನ್ನು ಎರಡು ತುಂಡು ಮಾಡಿ, ನಡುವೆ ಕೂಡಿಸುವ ಚಿಹ್ನೆ ಹಾಕಿ ಬರೆಯಿರಿ. ಸೋರ್ಸ್ ಸ್ಕ್ಯಾನರ್‌ನ ಕಣ್ಣು ತಪ್ಪಿಸಲು ಕೆಲವರು ಮಾಡುವ ಜಾಣತನ ಇದು. ಪಿವೈಸಿಯಲ್ಲಿ ನೋಡಿದರೆ ಎರಡೂ ತುಂಡು ಒಂದಾಗಿರುತ್ತವೆ, ಏಕೆಂದರೆ ಸ್ಥಿರ ಸ್ಟ್ರಿಂಗ್‌ಗಳನ್ನು ಕಂಪೈಲರ್ ಮೊದಲೇ ಕೂಡಿಸಿಡುತ್ತದೆ. ಜಾವಾದಲ್ಲೂ ಹೀಗೆಯೇ, ಗೋ ಭಾಷೆಯಲ್ಲೂ ಹೀಗೆಯೇ. ಸೋರ್ಸ್‌ನಲ್ಲಿ ಸಿಗದ್ದು ಬೈನರಿಯಲ್ಲಿ (ಕಂಪೈಲ್ ಆದ ಕಡತದಲ್ಲಿ) ಸಿಗುವ ಸಂದರ್ಭಗಳಿವೆ ಎಂದು ನಾನು ಹೇಳಿದಾಗ ತಲೆ ಅಲ್ಲಾಡಿಸಿದ ಗೆಳೆಯರಿಗೆ ತೋರಿಸುವುದು ಇದನ್ನೇ.

ಹೊರಗೆ ಹೋಗುವುದು ಏನೇನು?

ಕೆಲಸ ಶುರುವಾಗುವುದು ಒಂದು ಪಟ್ಟಿಯಿಂದ. ನಿಮ್ಮ ತಂಡದಿಂದ ಹೊರಗೆ ಹೋಗುವ ಪ್ರತಿಯೊಂದನ್ನೂ ಬರೆದುಕೊಳ್ಳಿ: ಆಂಡ್ರಾಯ್ಡ್ ಆಪ್‌ನ ಎಪಿಕೆ, ಐಫೋನ್ ಆಪ್‌ನ ಐಪಿಎ, ಜಾವಾದ ಜಾರ್, ವಿಂಡೋಸ್ ಇನ್‌ಸ್ಟಾಲರ್, ಡಾಕರ್ ಇಮೇಜ್, ಎನ್‌ಪಿಎಂ ಪ್ಯಾಕೇಜ್, ಪೈಥಾನ್ ವೀಲ್, ಯಾವುದೋ ಯಂತ್ರಕ್ಕೆ ಹೋಗುವ ಫರ್ಮ್‌ವೇರ್. ಗ್ರಾಹಕರೊಬ್ಬರಿಗೆ ಇಮೇಲ್‌ನಲ್ಲಿ ಕಳುಹಿಸಿದ ‘ಟೆಸ್ಟಿಂಗ್ ಬಿಲ್ಡ್’ ಕೂಡ ಪಟ್ಟಿಯಲ್ಲಿರಲಿ. ನನ್ನ ಅನುಭವದಲ್ಲಿ ಗುಟ್ಟು ಹೆಚ್ಚು ಸೋರುವುದು ಅಲ್ಲಿಂದಲೇ. ಡೀಬಗ್ ಬಿಲ್ಡ್‌ಗೆ ಯಾರೂ ಮರ್ಯಾದೆ ಕೊಡುವುದಿಲ್ಲ.

ಸ್ಕ್ಯಾನ್ ಮಾಡಬೇಕಾದದ್ದು ನಿಮ್ಮ ಯಂತ್ರದಲ್ಲಿರುವ ಪ್ರತಿಯನ್ನಲ್ಲ, ಪ್ರಕಟವಾದ ಪ್ರತಿಯನ್ನು. ರಿಜಿಸ್ಟ್ರಿಯಿಂದ, ಸ್ಟೋರ್‌ನಿಂದ ಹೊಸಬರಂತೆ ಇಳಿಸಿಕೊಂಡು ಬನ್ನಿ.

ಬಿಚ್ಚದೆ ಹುಡುಕಬೇಡಿ

ಹೊಸದಾಗಿ ಕಲಿಯುವವರು ಎಡವುವ ಜಾಗ ಇದು. ಎಪಿಕೆಯ ಮೇಲೆ ನೇರವಾಗಿ ಸ್ಟ್ರಿಂಗ್ಸ್ ಓಡಿಸುತ್ತಾರೆ, ಏನೂ ಸಿಗುವುದಿಲ್ಲ, ನಿರಾಳವಾಗಿ ಮನೆಗೆ ಹೋಗುತ್ತಾರೆ. ಎಪಿಕೆ, ಐಪಿಎ, ಜಾರ್, ವೀಲ್ ಇವೆಲ್ಲ ಒಳಗೊಳಗೆ ಜಿಪ್ ಕಡತಗಳು. ಒಳಗಿರುವುದು ಸಂಕುಚಿತಗೊಂಡಿರುವುದರಿಂದ ಅಕ್ಷರಗಳು ಅಕ್ಷರಗಳಾಗಿ ಕಾಣುವುದಿಲ್ಲ. ಮೊದಲು ಅನ್‌ಜಿಪ್ ಮಾಡಬೇಕು. ಒಳಗೆ ಇನ್ನೊಂದು ಜಿಪ್ ಸಿಕ್ಕರೆ ಅದನ್ನೂ ಬಿಚ್ಚಬೇಕು. ಸ್ಪ್ರಿಂಗ್ ಬೂಟ್‌ನ ಜಾರ್‌ನೊಳಗೆ ಹತ್ತಾರು ಜಾರ್‌ಗಳಿರುತ್ತವೆ. ಯಾವ ಕಡತ ಏನೆಂದು ಅನುಮಾನ ಬಂದರೆ ಫೈಲ್ ಆಜ್ಞೆಯನ್ನು ಕೇಳಿ, ಎಕ್ಸ್‌ಟೆನ್ಷನ್ ನಂಬಬೇಡಿ.

ಬಹಳ ಹಿಂದೆ ನಾನಿದ್ದ ಒಂದು ಸಣ್ಣ ಕಂಪನಿಯಲ್ಲಿ ಆಂಡ್ರಾಯ್ಡ್ ಆಪ್ ಒಂದನ್ನು ಹೊರತಂದಿದ್ದೆವು. ಬಿಡುಗಡೆಯ ಸಿಹಿ ಹಂಚಿಯಾಗಿತ್ತು. ಟೆಸ್ಟಿಂಗ್ ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ಮೈಸೂರ್‌ಪಾಕಿನ ತುಂಡು ಕೈಯಲ್ಲಿ ಹಿಡಿದೇ ನನ್ನ ಬಳಿ ಬಂದು, “ಸರ್, ಇದು ಇರಬೇಕಾದದ್ದೇ?” ಎಂದು ಲ್ಯಾಪ್‌ಟಾಪ್ ತಿರುಗಿಸಿದಳು. ಅವಳು ಮಾಡಿದ್ದು ಇಷ್ಟೇ: ಎಪಿಕೆಯ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ, ಡಬಲ್ ಕ್ಲಿಕ್ ಮಾಡಿ, ಅಸೆಟ್ಸ್ ಫೋಲ್ಡರ್‌ನಲ್ಲಿದ್ದ ಒಂದು ಜೇಸನ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದಿದ್ದಳು. ಒಟಿಪಿ ಕಳುಹಿಸುವ ಎಸ್‌ಎಂಎಸ್ ಗೇಟ್‌ವೇಯ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಅಲ್ಲಿದ್ದವು. ಅದನ್ನು ಅಲ್ಲಿಟ್ಟವನು ನಾನೇ. ‘ಕಂಪೈಲ್ ಆದ ಮೇಲೆ ಯಾರಿಗೆ ಕಾಣುತ್ತದೆ’ ಎಂದುಕೊಂಡಿದ್ದೆ. ಅಸೆಟ್ಸ್ ಫೋಲ್ಡರ್ ಕಂಪೈಲ್ ಆಗುವುದೇ ಇಲ್ಲ, ಇದ್ದದ್ದು ಇದ್ದ ಹಾಗೆ ಹೋಗುತ್ತದೆ ಎಂಬುದೂ ನನಗೆ ಆಗ ಗೊತ್ತಿರಲಿಲ್ಲ.

ಹೀಗಾಗಿ ಬಿಚ್ಚಿದ ತಕ್ಷಣ ಬೈನರಿಗೆ ಕೈ ಹಾಕಬೇಡಿ. ಮೊದಲು ಬರಿಗಣ್ಣಿಗೆ ಕಾಣುವ ಕಡತಗಳನ್ನು ನೋಡಿ: ಅಸೆಟ್ಸ್, ಪ್ರಾಪರ್ಟೀಸ್ ಕಡತಗಳು, ಡಾಟ್ ಎನ್ವ್, ಡಾಟ್ ಪೆಮ್, ಕೀಸ್ಟೋರ್, ವೆಬ್ ಬಂಡಲ್‌ಗಳ ಪಕ್ಕದಲ್ಲಿ ಬೀಳುವ ಡಾಟ್ ಮ್ಯಾಪ್ ಕಡತಗಳು. ಸೋರ್ಸ್ ಮ್ಯಾಪ್‌ನಲ್ಲಿ ಎಷ್ಟೋ ಸಲ ಮೂಲ ಕೋಡ್ ಪೂರ್ತಿ ಇರುತ್ತದೆ, ನಿಮ್ಮ ಕಾಮೆಂಟ್‌ಗಳ ಸಮೇತ. ಎಲೆಕ್ಟ್ರಾನ್ ಆಪ್‌ಗಳ ಡಾಟ್ ಅಸರ್ ಕಡತವಂತೂ ಸಂಕುಚಿತವೂ ಆಗಿರುವುದಿಲ್ಲ, ಕಡತಗಳನ್ನು ಒಂದರ ಹಿಂದೊಂದು ಜೋಡಿಸಿಟ್ಟಿರುತ್ತಾರೆ ಅಷ್ಟೇ.

ಡಾಕರ್ ಇಮೇಜಿನ ಕಥೆ ಬೇರೆ. ಅದು ಪದರಗಳ ಗುಡ್ಡೆ. ಮೂರನೆಯ ಪದರದಲ್ಲಿ ಕೀ ಕಡತವನ್ನು ಸೇರಿಸಿ ಐದನೆಯದರಲ್ಲಿ ಅಳಿಸಿದರೆ, ಓಡುತ್ತಿರುವ ಕಂಟೇನರ್‌ನಲ್ಲಿ ಅದು ಕಾಣುವುದಿಲ್ಲ. ಮೂರನೆಯ ಪದರದಲ್ಲಿ ಮಾತ್ರ ಕ್ಷೇಮವಾಗಿರುತ್ತದೆ. ಆದ್ದರಿಂದ ಕಂಟೇನರ್‌ನೊಳಗೆ ಹೋಗಿ ಹುಡುಕುವುದು ಸಾಲದು. ಡಾಕರ್ ಸೇವ್ ಆಜ್ಞೆಯಿಂದ ಇಮೇಜನ್ನು ಟಾರ್ ಕಡತವಾಗಿ ಇಳಿಸಿ, ಪ್ರತಿ ಪದರವನ್ನೂ ಬೇರೆ ಬೇರೆ ಫೋಲ್ಡರ್‌ಗೆ ಬಿಚ್ಚಿ. ಜೊತೆಗೆ ಡಾಕರ್ ಹಿಸ್ಟರಿಯನ್ನು ನೋ-ಟ್ರಂಕ್ ಆಯ್ಕೆಯೊಂದಿಗೆ ಓಡಿಸಿ. ಬಿಲ್ಡ್ ಆರ್ಗ್ಯುಮೆಂಟ್ ಆಗಿ ಕೊಟ್ಟ ಪಾಸ್‌ವರ್ಡ್ ಅಲ್ಲಿ ಇಡೀ ಜಗತ್ತಿಗೆ ಓದಿಸುವಂತೆ ಬರೆದಿರುತ್ತದೆ.

ಅಕ್ಷರಗಳನ್ನು ಸೋಸುವುದು

ಈಗ ಸ್ಟ್ರಿಂಗ್ಸ್. ಬೈನರಿಯೊಂದರಲ್ಲಿ ಓದಬಹುದಾದ ಅಕ್ಷರಗಳ ಸಾಲುಗಳನ್ನು ಹೆಕ್ಕಿ ತೆಗೆಯುವ ಹಳೆಯ, ಬಡಪಾಯಿ ಸಾಧನ. ಸಾಮಾನ್ಯವಾಗಿ ನಾಲ್ಕು ಅಕ್ಷರ ಮತ್ತು ಅದಕ್ಕಿಂತ ಉದ್ದದ್ದನ್ನೆಲ್ಲ ತೋರಿಸುತ್ತದೆ, ಕಸವೇ ಹೆಚ್ಚು. ಹೈಫನ್ ಎನ್ 8 ಎಂದು ಕೊಟ್ಟರೆ ಎಂಟರಿಂದ ಮೇಲಿನದು ಮಾತ್ರ ಬರುತ್ತದೆ. ಹೈಫನ್ ಎ ಸೇರಿಸಿದರೆ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಬಿಡದೆ ಓದುತ್ತದೆ. ಹೈಫನ್ ಟಿ ಎಕ್ಸ್ ಕೊಟ್ಟರೆ ಸಿಕ್ಕ ಜಾಗದ ವಿಳಾಸವನ್ನೂ ಹೇಳುತ್ತದೆ. ವರದಿ ಬರೆಯುವಾಗ ಅದು ಬೇಕಾಗುತ್ತದೆ.

ವಿಂಡೋಸ್ ಲೋಕದ ಕಡತಗಳಲ್ಲಿ ಒಂದು ತೊಡಕಿದೆ. ಡಾಟ್‌ನೆಟ್ ಪ್ರೋಗ್ರಾಂಗಳು ಕೋಡಿನಲ್ಲಿ ಬರೆದ ಸ್ಟ್ರಿಂಗ್‌ಗಳನ್ನು ಯುಟಿಎಫ್-16ರಲ್ಲಿ, ಅಂದರೆ ಅಕ್ಷರಕ್ಕೆ ಎರಡು ಬೈಟ್‌ನಂತೆ ಇಡುತ್ತವೆ. ಪ್ರತಿ ಇಂಗ್ಲಿಷ್ ಅಕ್ಷರದ ಪಕ್ಕದಲ್ಲೂ ಒಂದು ಸೊನ್ನೆ. ಲಿನಕ್ಸ್‌ನ ಸ್ಟ್ರಿಂಗ್ಸ್‌ಗೆ ಇದು ಮಾಮೂಲಾಗಿ ಕಾಣುವುದಿಲ್ಲ. ಹೈಫನ್ ಇ, ಅದರ ಮುಂದೆ ಸಣ್ಣ ಎಲ್ ಎಂದು ಕೊಟ್ಟು ಎರಡನೆಯ ಸಲ ಓಡಿಸಬೇಕು. ಡೇಟಾಬೇಸ್‌ನ ಕನೆಕ್ಷನ್ ಸ್ಟ್ರಿಂಗ್ ಪಾಸ್‌ವರ್ಡ್ ಸಮೇತ ಎದ್ದು ಬರುವುದು ಈ ಎರಡನೆಯ ಓಟದಲ್ಲೇ.

ಗೋ ಭಾಷೆಯ ಬೈನರಿಗಳದ್ದು ಇನ್ನೊಂದು ಚಾಳಿ. ಸಿ ಭಾಷೆಯಲ್ಲಿ ಪ್ರತಿ ಸ್ಟ್ರಿಂಗ್‌ನ ಕೊನೆಗೆ ಸೊನ್ನೆ ಇರುತ್ತದೆ, ಹಾಗಾಗಿ ಬೇರೆ ಬೇರೆಯಾಗಿ ಕಾಣುತ್ತವೆ. ಗೋ ಉದ್ದವನ್ನು ಬೇರೆ ಕಡೆ ಬರೆದಿಟ್ಟುಕೊಂಡು, ಸ್ಟ್ರಿಂಗ್‌ಗಳನ್ನೆಲ್ಲ ಸಂತೆಯ ಜನರಂತೆ ಒತ್ತೊತ್ತಾಗಿ ನಿಲ್ಲಿಸುತ್ತದೆ. ಸ್ಟ್ರಿಂಗ್ಸ್ ಕೊಡುವ ಒಂದೊಂದು ಸಾಲೂ ಮೈಲುದ್ದ. ಇಲ್ಲಿ ಸಾಲು ಸಾಲಾಗಿ ಓದುವುದನ್ನು ಬಿಟ್ಟು, ನಿರ್ದಿಷ್ಟ ವಿನ್ಯಾಸವನ್ನು ಮಾತ್ರ ಕಿತ್ತು ತೆಗೆಯಬೇಕು. ಗ್ರೆಪ್‌ಗೆ ಹೈಫನ್ ಎ, ಓ, ದೊಡ್ಡ ಇ ಮೂರನ್ನೂ ಕೊಡಿ: ಬೈನರಿಯನ್ನು ಪಠ್ಯವೆಂದೇ ಓದು, ಹೊಂದಿದ ಭಾಗವನ್ನಷ್ಟೇ ತೋರಿಸು, ವಿಸ್ತೃತ ವಿನ್ಯಾಸ ಒಪ್ಪಿಕೋ. ರಿಯಾಕ್ಟ್ ನೇಟಿವ್‌ನ ಹರ್ಮಿಸ್ ಬಂಡಲ್‌ಗಳಲ್ಲೂ ಸ್ಟ್ರಿಂಗ್‌ಗಳು ಹೀಗೆಯೇ ಅಂಟಿಕೊಂಡಿರುತ್ತವೆ.

ಗೋ ಬಳಸುವವರು ಇನ್ನೊಂದನ್ನು ತಪ್ಪದೆ ನೋಡಿ. ಕೀಯನ್ನು ಸೋರ್ಸ್‌ನಲ್ಲಿ ಬರೆಯದೆ ಬಿಲ್ಡ್ ಸಮಯದಲ್ಲಿ ಎಲ್‌ಡಿಫ್ಲಾಗ್ಸ್ (ಲಿಂಕರ್‌ಗೆ ಕೊಡುವ ಆಯ್ಕೆಗಳು) ಮೂಲಕ ತುರುಕುವ ಪದ್ಧತಿ ಹಲವು ಕಡೆ ಇದೆ. ಕೋಡ್ ಶುದ್ಧ, ರೆಪೊಸಿಟರಿ ಶುದ್ಧ. ಗೋ 1.18ರಿಂದ ಈಚೆಗೆ ಬಿಲ್ಡ್ ಆಯ್ಕೆಗಳನ್ನೂ ಬೈನರಿಯಲ್ಲೇ ದಾಖಲಿಸಿಡುತ್ತದೆ. ಗೋ ವರ್ಷನ್ ಹೈಫನ್ ಎಂ ಎಂದು ಕೊಟ್ಟು ಬೈನರಿಯ ಹೆಸರು ಹೇಳಿ. ಎಲ್‌ಡಿಫ್ಲಾಗ್ಸ್ ಸಾಲು ಕಂಡರೆ ನೀವು ತುರುಕಿದ ಕೀ ಅಚ್ಚುಕಟ್ಟಾಗಿ ಹೆಸರಿನ ಸಮೇತ ಅಲ್ಲಿರುತ್ತದೆ. ಹುಡುಕುವ ಶ್ರಮವೂ ಇಲ್ಲ.

ಜಾವಾ ಕ್ಲಾಸ್ ಕಡತಗಳಿಗೆ ಜಾವಾಪಿ, ಆಂಡ್ರಾಯ್ಡ್‌ನ ಕಂಪೈಲ್ ಆದ ಕೋಡಾದ ಡೆಕ್ಸ್‌ಗೆ ಜ್ಯಾಡೆಕ್ಸ್, ಎಪಿಕೆಯ ರಿಸೋರ್ಸ್‌ಗಳಿಗೆ ಎಪಿಕೆಟೂಲ್ ಇವೆ. ಜ್ಯಾಡೆಕ್ಸ್‌ನಲ್ಲಿ ತೆರೆದರೆ ಮೊದಲು ಬಿಲ್ಡ್‌ಕಾನ್ಫಿಗ್ ಎಂಬ ಕ್ಲಾಸನ್ನೂ ಸ್ಟ್ರಿಂಗ್ಸ್ ಎಕ್ಸ್‌ಎಂಎಲ್ ಅನ್ನೂ ನೋಡಿ. ಗ್ರೇಡಲ್ ಕಡತದಲ್ಲಿ ಜೋಪಾನವಾಗಿ ಅಡಗಿಸಿದ್ದೆಲ್ಲ ಬಂದು ಸೇರುವುದು ಅಲ್ಲಿಗೇ. ಬೆಂಗಳೂರಿನಲ್ಲಿ ಕಚೇರಿಯಿರುವ ಕ್ಲೌಡ್‌ಸೆಕ್ ಸಂಸ್ಥೆ 2022ರ ಆಗಸ್ಟ್‌ನಲ್ಲಿ ಟ್ವಿಟರ್ ಎಪಿಐ ಕೀಗಳನ್ನು ಸೋರಿಸುತ್ತಿದ್ದ 3,207 ಮೊಬೈಲ್ ಆಪ್‌ಗಳನ್ನು ಪತ್ತೆ ಹಚ್ಚಿತು. ಅವುಗಳಲ್ಲಿ 230 ಆಪ್‌ಗಳಲ್ಲಿ ಖಾತೆಯನ್ನು ಪೂರ್ತಿ ವಶಪಡಿಸಿಕೊಳ್ಳಲು ಬೇಕಾದ ನಾಲ್ಕೂ ಗುಟ್ಟುಗಳಿದ್ದವು. ಆ ಕೀಗಳನ್ನು ಅಲ್ಲಿಟ್ಟವರಲ್ಲಿ ಹೆಚ್ಚಿನವರು ‘ಆಮೇಲೆ ತೆಗೆದರಾಯಿತು’ ಎಂದುಕೊಂಡಿದ್ದವರೇ ಇರಬೇಕು.

ಯುಪಿಎಕ್ಸ್‌ನಿಂದ ಕುಗ್ಗಿಸಿದ ಬೈನರಿಯಾದರೆ ಯುಪಿಎಕ್ಸ್ ಹೈಫನ್ ಡಿ ಕೊಟ್ಟು ಮೊದಲು ಹಿಗ್ಗಿಸಿ. ಫರ್ಮ್‌ವೇರ್‌ಗೆ ಬಿನ್‌ವಾಕ್ ಇದೆ. ಸಿ ಕಂಪೈಲರ್‌ಗಳು ಕೆಲವೊಮ್ಮೆ ಚಿಕ್ಕ ಸ್ಟ್ರಿಂಗ್‌ಗಳನ್ನು ಡೇಟಾ ಭಾಗದಲ್ಲಿ ಇಡದೆ ಸೂಚನೆಗಳ ನಡುವೆಯೇ ತುಂಡು ತುಂಡಾಗಿ ಸೇರಿಸುತ್ತವೆ. ಅವು ಸ್ಟ್ರಿಂಗ್ಸ್‌ಗೆ ಕಾಣವು. ಅಂಥದ್ದಕ್ಕೆ ಮ್ಯಾಂಡಿಯಂಟ್‌ನ ಫ್ಲಾಸ್ ಎಂಬ ಸಾಧನವಿದೆ. ನಿತ್ಯದ ಕೆಲಸಕ್ಕೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಬಿದ್ದದ್ದು ಅಪರೂಪ.

ಗುಟ್ಟಿನ ಮುಖಚಹರೆ

ಹುಡುಕಬೇಕಾದದ್ದು ‘ಪಾಸ್‌ವರ್ಡ್’ ಎಂಬ ಪದವನ್ನಲ್ಲ. ಆ ಪದ ಪ್ರತಿ ಲೈಬ್ರರಿಯ ದೋಷಸಂದೇಶದಲ್ಲೂ ಇರುತ್ತದೆ. ದೊಡ್ಡ ಸೇವೆಗಳ ಕೀಗಳಿಗೆ ಊರಿನ ಗಾಡಿಗಳಿಗೆ ನಂಬರ್ ಪ್ಲೇಟ್ ಇದ್ದ ಹಾಗೆ ಒಂದೊಂದು ಗುರುತು ಇದೆ, ಅದನ್ನು ಹಿಡಿಯಿರಿ. ಅಮೆಜಾನ್ ಕ್ಲೌಡ್‌ನ ಕಾಯಂ ಕೀ ಎಕೆಐಎ ಎಂಬ ನಾಲ್ಕು ದೊಡ್ಡಕ್ಷರಗಳಿಂದ ಶುರುವಾಗಿ ಒಟ್ಟು 20 ಅಕ್ಷರಗಳಿರುತ್ತವೆ. ತಾತ್ಕಾಲಿಕ ಕೀ ಎಎಸ್‌ಐಎ ಎಂದು ಶುರುವಾಗುತ್ತದೆ. ಜೊತೆಯಲ್ಲಿರುವ 40 ಅಕ್ಷರಗಳ ಸೀಕ್ರೆಟ್‌ಗೆ ಗುರುತಿಲ್ಲ, ಆದ್ದರಿಂದ ಎಕೆಐಎ ಸಿಕ್ಕ ಜಾಗದ ಅಕ್ಕಪಕ್ಕವನ್ನು ಕಣ್ಣಿಟ್ಟು ನೋಡಬೇಕು. ಗೂಗಲ್ ಎಪಿಐ ಕೀ ದೊಡ್ಡ ಎ, ದೊಡ್ಡ ಐ, ಸಣ್ಣ ಝಡ್, ಸಣ್ಣ ಎ ಎಂದು ಶುರುವಾಗುತ್ತದೆ, ಒಟ್ಟು 39 ಅಕ್ಷರ. ಗಿಟ್‌ಹಬ್‌ನ ‘ಕ್ಲಾಸಿಕ್’ ವೈಯಕ್ತಿಕ ಟೋಕನ್‌ನದು ಜಿಎಚ್‌ಪಿ ಅಂಡರ್‌ಸ್ಕೋರ್. ಸ್ಟ್ರೈಪ್‌ನ ಗುಟ್ಟಿನ ಕೀ ಎಸ್‌ಕೆ ಅಂಡರ್‌ಸ್ಕೋರ್ ಲೈವ್, ಬೆಂಗಳೂರಿನ ರೇಜರ್‌ಪೇಯ ಕೀ ಐಡಿ ಆರ್‌ಝಡ್‌ಪಿ ಅಂಡರ್‌ಸ್ಕೋರ್ ಲೈವ್. ಖಾಸಗಿ ಕೀ ಕಡತಗಳಲ್ಲಿ ಐದು ಹೈಫನ್‌ಗಳ ಬೆನ್ನಿಗೇ ‘ಬಿಗಿನ್’ ಎಂಬ ಪದವಿರುತ್ತದೆ. ಲಾಗಿನ್ ಆದವರ ಗುರುತಿಗೆ ಬಳಸುವ ಜೆಡಬ್ಲ್ಯುಟಿ ಟೋಕನ್‌ಗಳು ಸಾಮಾನ್ಯವಾಗಿ ಸಣ್ಣ ಇ, ಸಣ್ಣ ವೈ, ದೊಡ್ಡ ಜೆ ಎಂದು ಶುರುವಾಗುತ್ತವೆ. ಪುಷ್ಪಾವರಣ, ಅದರ ಪಕ್ಕ ಉದ್ಧರಣ ಚಿಹ್ನೆ, ಅದರ ಮುಂದೊಂದು ಇಂಗ್ಲಿಷ್ ಅಕ್ಷರ ಇವನ್ನು ಬೇಸ್64ಕ್ಕೆ (ಯಾವುದೇ ದತ್ತಾಂಶವನ್ನು ಮಾಮೂಲಿ ಅಕ್ಷರಗಳಲ್ಲಿ ಬರೆಯುವ ಕ್ರಮ) ತಿರುಗಿಸಿದರೆ ಶುರುವಿನಲ್ಲಿ ಬರುವುದೇ ಅದು. ಡೇಟಾಬೇಸ್ ವಿಳಾಸಗಳಲ್ಲಿ ಯೂಸರ್‌ನೇಮ್ ನಂತರದ ಕೋಲನ್‌ಗೂ ಅಟ್ ಚಿಹ್ನೆಗೂ ನಡುವೆ ಏನಾದರೂ ಇದ್ದರೆ ಅದು ಪಾಸ್‌ವರ್ಡ್.

ಈ ವಿನ್ಯಾಸಗಳನ್ನೆಲ್ಲ ಕೈಯಾರೆ ಬರೆಯುವುದು ಕಲಿಯಲು ಒಳ್ಳೆಯದು, ನಿತ್ಯಕ್ಕೆ ಬೇಡ. ಟ್ರಫಲ್‌ಹಾಗ್, ಗಿಟ್‌ಲೀಕ್ಸ್ ಎರಡರಲ್ಲೂ ನೂರಾರು ಸೇವೆಗಳ ವಿನ್ಯಾಸಗಳು ಸಿದ್ಧವಾಗಿವೆ. ಟ್ರಫಲ್‌ಹಾಗ್‌ಗೆ ಫೈಲ್‌ಸಿಸ್ಟಂ ಎಂದು ಹೇಳಿ ಬಿಚ್ಚಿದ ಫೋಲ್ಡರನ್ನು ತೋರಿಸಬಹುದು, ಡಾಕರ್ ಎಂದು ಹೇಳಿ ಇಮೇಜಿನ ಹೆಸರನ್ನೇ ಕೊಡಬಹುದು. ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಸ್ಟ್ರಿಂಗ್ಸ್‌ನ ಎರಡೂ ಓಟಗಳ ಫಲಿತಾಂಶವನ್ನು ಪಠ್ಯ ಕಡತಗಳಾಗಿ ಉಳಿಸಿ, ಬಿಚ್ಚಿದ ಫೋಲ್ಡರ್ ಜೊತೆಗೆ ಆ ಕಡತಗಳನ್ನೂ ಸಾಧನಕ್ಕೆ ಕೊಡುತ್ತೇನೆ. ಯುಟಿಎಫ್-16 ಆಗಲಿ, ಬೈನರಿ ಎಂದು ಸಾಧನ ದಾಟಿಹೋಗುವ ಕಡತವಾಗಲಿ, ಹೀಗೆ ಮಾಡಿದರೆ ತಪ್ಪುವುದಿಲ್ಲ.

ಟ್ರಫಲ್‌ಹಾಗ್ ಸಿಕ್ಕ ಕೀ ಜೀವಂತವೇ ಎಂದು ತಿಳಿಯಲು ಆಯಾ ಸೇವೆಗೆ ನಿಜವಾಗಿಯೇ ಕರೆ ಮಾಡುತ್ತದೆ ಎಂಬುದನ್ನು ಮರೆಯಬೇಡಿ. ನಿಮ್ಮ ಕೀಗಳ ಮಟ್ಟಿಗೆ ಇದು ದೊಡ್ಡ ಅನುಕೂಲ. ಬೇರೆಯವರದ್ದಾದರೆ, ಮೇಲೆ ಹೇಳಿದ ಸೆಕ್ಷನ್‌ಗಳನ್ನು ಮತ್ತೆ ಓದಿ; ಪರಿಶೀಲನೆ ಬೇಡ ಎನ್ನುವ ಆಯ್ಕೆಯೂ ಅದರಲ್ಲಿದೆ.

ಅಕ್ಕಿಯಲ್ಲಿ ಕಲ್ಲು ಆರಿಸುವುದು

ಮೊದಲ ಸಲ ಓಡಿಸಿದಾಗ ಬರುವ ಪಟ್ಟಿ ನೋಡಿ ಎದೆ ಒಡೆದುಕೊಳ್ಳಬೇಡಿ. ಅರ್ಧಕ್ಕರ್ಧ ಜೊಳ್ಳು. ಅಮೆಜಾನ್‌ನ ದಾಖಲೆಗಳಲ್ಲಿ ಬರುವ, ‘ಎಕ್ಸಾಂಪಲ್’ ಎಂದು ಕೊನೆಯಾಗುವ ಮಾದರಿ ಕೀ ಎಷ್ಟೋ ಲೈಬ್ರರಿಗಳಲ್ಲಿ ಕುಳಿತಿರುತ್ತದೆ. ಕ್ರಿಪ್ಟೊ ಲೈಬ್ರರಿಗಳ ಪರೀಕ್ಷೆಗೆಂದೇ ಇಟ್ಟ ಖಾಸಗಿ ಕೀಗಳು, ಹ್ಯಾಶ್‌ಗಳು, ಬೇಸ್64ರಲ್ಲಿ ತುಂಬಿದ ಫಾಂಟ್‌ಗಳು ಎಲ್ಲವೂ ಗುಟ್ಟಿನ ವೇಷದಲ್ಲಿ ಬರುತ್ತವೆ.

ಎಲ್ಲ ಕೀಯೂ ಗುಟ್ಟಲ್ಲ ಎಂಬುದೂ ಗೊತ್ತಿರಬೇಕು. ಸ್ಟ್ರೈಪ್‌ನ ಪಿಕೆ ಎಂದು ಶುರುವಾಗುವ ಕೀ, ರೇಜರ್‌ಪೇಯ ಕೀ ಐಡಿ ಇವು ಆಪ್‌ನಲ್ಲಿ ಇರಬೇಕಾದವೇ. ಇರಬಾರದ್ದು ಅವುಗಳ ಜೋಡಿಯಾದ ಸೀಕ್ರೆಟ್. ಗೂಗಲ್ ಮ್ಯಾಪ್ಸ್ ಕೀ ಆಂಡ್ರಾಯ್ಡ್ ಆಪ್‌ನೊಳಗೆ ಹೋಗದೆ ವಿಧಿಯಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ‘ಏಕೆ ಇದೆ’ ಎಂದಲ್ಲ, ‘ಪ್ಯಾಕೇಜ್ ಹೆಸರಿಗೂ ಸಹಿಯ ಬೆರಳಚ್ಚಿಗೂ ಕಟ್ಟಿಹಾಕಿದ್ದೀರಾ’ ಎಂದು. ಕಟ್ಟಿಹಾಕದ ಮ್ಯಾಪ್ಸ್ ಕೀ ಸಿಕ್ಕವರ ಬಳಕೆಯ ಬಿಲ್ಲನ್ನು ತೆರುವವರು ನೀವು.

ಅಮೆಜಾನ್ ಕೀ ನಿಮ್ಮದೇ ಆಗಿದ್ದು, ಜೀವಂತವೋ ಅಲ್ಲವೋ ತಿಳಿಯಬೇಕಿದ್ದರೆ ಎಸ್‌ಟಿಎಸ್‌ನ ಗೆಟ್-ಕಾಲರ್-ಐಡೆಂಟಿಟಿ ಆಜ್ಞೆ ಸಾಕು. ಏನನ್ನೂ ಬದಲಿಸದೆ, ಕೀ ಯಾರ ಹೆಸರಿನಲ್ಲಿದೆ ಎಂದಷ್ಟೇ ಹೇಳುತ್ತದೆ.

ಸಿಕ್ಕ ಮೇಲೆ

ಮೊದಲು ರದ್ದು, ಆಮೇಲೆ ಮಿಕ್ಕಿದ್ದು. ಸಭೆ ಕರೆಯುವುದು, ಯಾರ ತಪ್ಪೆಂದು ಹುಡುಕುವುದು, ಇಮೇಜನ್ನು ಡಾಕರ್ ಹಬ್‌ನಿಂದ ತೆಗೆದುಹಾಕುವುದು ಎಲ್ಲವೂ ಅದರ ನಂತರ. ಇಳಿಸಿಕೊಂಡವರ ಬಳಿ ಅದು ಇದ್ದೇ ಇರುತ್ತದೆ. ಇಮೇಜ್ ಅಳಿಸಿ ಸಮಾಧಾನಪಡುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಹೊಸ ಕೀ ಮಾಡಿ, ಸರ್ವರ್‌ಗಳಿಗೆ ಕೊಟ್ಟು, ಹಳೆಯದನ್ನು ಕೊಲ್ಲಿ. ನಂತರ ಲಾಗ್ ತೆಗೆದು, ಆ ಕೀ ಬಯಲಾದ ದಿನದಿಂದ ಎಲ್ಲೆಲ್ಲಿಂದ ಬಳಕೆಯಾಗಿದೆ ನೋಡಿ. ಯಾರೋ ಒಳಹೊಕ್ಕಿದ್ದು ಖಚಿತವಾದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕಾಗಬಹುದು. 2022ರ ಏಪ್ರಿಲ್ 28ರ ಅದರ ನಿರ್ದೇಶನದ ಪ್ರಕಾರ ಗಡುವು, ಘಟನೆ ಗಮನಕ್ಕೆ ಬಂದಾಗಿನಿಂದ 6 ಗಂಟೆ.

ಮೊಬೈಲ್ ಆಪ್‌ನಲ್ಲಿ ಮಾತ್ರ ಇದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಕೀ ರದ್ದಾದ ಕ್ಷಣ ಹಳೆಯ ಆವೃತ್ತಿ ಇಟ್ಟುಕೊಂಡವರ ಆಪ್ ಕೆಲಸ ನಿಲ್ಲಿಸುತ್ತದೆ. ನಮ್ಮ ಎಸ್‌ಎಂಎಸ್ ಪ್ರಸಂಗದಲ್ಲಿ ಆದದ್ದೂ ಅದೇ: ಪಾಸ್‌ವರ್ಡ್ ಬದಲಿಸಿದರೆ ಯಾರಿಗೂ ಒಟಿಪಿ ಹೋಗದು, ಬದಲಿಸದಿದ್ದರೆ ಊರವರೆಲ್ಲ ನಮ್ಮ ಖರ್ಚಿನಲ್ಲಿ ಎಸ್‌ಎಂಎಸ್ ಕಳುಹಿಸಬಹುದು. ಬದಲಿಸಿದೆವು. ಎರಡು ದಿನ ಬೈಗುಳ ತಿಂದೆವು. ಇಂದಿಗೂ ಅದೇ ಸರಿ ಎನ್ನುತ್ತೇನೆ. ತಕ್ಷಣ ಕೊಲ್ಲಲು ಸಾಧ್ಯವೇ ಇಲ್ಲದಿದ್ದರೆ ಕೀಯ ಅಧಿಕಾರವನ್ನಾದರೂ ಆ ಗಂಟೆಯಲ್ಲೇ ಮೊಟಕುಗೊಳಿಸಿ, ಬಳಕೆಗೆ ಮಿತಿ ಹಾಕಿ, ಹೊಸ ಆವೃತ್ತಿಯಲ್ಲಿ ಆ ಕರೆಯನ್ನು ನಿಮ್ಮ ಸರ್ವರ್ ಮೂಲಕ ಹಾಯಿಸಿ. ಅಸ್ಪಷ್ಟಗೊಳಿಸುವ ಸಾಧನ ಹಾಕಿ ಅದೇ ಕೀಯನ್ನು ಮತ್ತೆ ಒಳಗಿಡುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಆಪ್‌ಗೆ ಓದಲು ಬರುವ ಕೀ ಆಪ್ ಇಟ್ಟುಕೊಂಡವನಿಗೂ ಓದಲು ಬರುತ್ತದೆ.

ಬಾಗಿಲಲ್ಲಿ ಒಬ್ಬ ಕಾವಲುಗಾರ

ಮತ್ತೆ ಆಗದಂತೆ ಮಾಡುವುದರಲ್ಲಿ ಚಿಕ್ಕ ಚಿಕ್ಕ ಸಂಗತಿಗಳೇ ಹೆಚ್ಚು. ಡಾಕರ್‌ಇಗ್ನೋರ್ ಕಡತದಲ್ಲಿ ಪೈಕ್ಯಾಶ್ ಎಂದು ಬರೆದು ಸುಮ್ಮನಾದವರನ್ನು ನೋಡಿದ್ದೇನೆ. ಗಿಟ್‌ಇಗ್ನೋರ್‌ನಲ್ಲಿ ಹಾಗೆ ಬರೆದರೆ ಎಲ್ಲ ಫೋಲ್ಡರ್‌ಗಳಿಗೂ ಅನ್ವಯವಾಗುತ್ತದೆ. ಡಾಕರ್‌ಇಗ್ನೋರ್‌ನಲ್ಲಿ ಅದು ಬೇರಿನ ಮಟ್ಟದ ಫೋಲ್ಡರ್‌ಗೆ ಮಾತ್ರ. ಮುಂದೆ ಎರಡು ನಕ್ಷತ್ರ, ಒಂದು ಓರೆಗೆರೆ ಹಾಕಿದರಷ್ಟೇ ಒಳಗಿನವೂ ಹೊರಗುಳಿಯುತ್ತವೆ. ಬಿಲ್ಡ್ ಸಮಯದಲ್ಲಿ ಬೇಕಾಗುವ ಟೋಕನ್‌ಗೆ ಬಿಲ್ಡ್ ಆರ್ಗ್ಯುಮೆಂಟ್ ಬೇಡ, ಬಿಲ್ಡ್‌ಕಿಟ್‌ನ ಸೀಕ್ರೆಟ್ ಮೌಂಟ್ ಬಳಸಿ. ಅದು ಯಾವ ಪದರದಲ್ಲೂ ಉಳಿಯುವುದಿಲ್ಲ. ಬಿಡುಗಡೆಯ ಬಿಲ್ಡ್ ಯಾರ ಲ್ಯಾಪ್‌ಟಾಪ್‌ನಿಂದಲೂ ಬರಬಾರದು. ಹೊಸದಾಗಿ ಕ್ಲೋನ್ ಮಾಡಿದ ಖಾಲಿ ಯಂತ್ರದಿಂದ ಬರಲಿ.

ಮುಖ್ಯವಾದದ್ದು ಸ್ಕ್ಯಾನ್ ನಡೆಯುವ ಜಾಗ. ಸಿಐ ಪೈಪ್‌ಲೈನ್‌ನಲ್ಲಿ (ಬಿಲ್ಡ್, ಪರೀಕ್ಷೆಗಳನ್ನು ತಾನಾಗಿಯೇ ನಡೆಸುವ ವ್ಯವಸ್ಥೆ) ಬಿಲ್ಡ್ ಮುಗಿದ ಮೇಲೆ, ಪ್ರಕಟಣೆಗೆ ಮೊದಲು ಒಂದು ಹಂತ ಸೇರಿಸಿ: ಬಿಚ್ಚು, ಸೋಸು, ಸ್ಕ್ಯಾನ್ ಮಾಡು, ಏನಾದರೂ ಸಿಕ್ಕರೆ ನಿಲ್ಲಿಸು. ಗೊತ್ತಿರುವ ಜೊಳ್ಳುಗಳಿಗೆ ವಿನಾಯಿತಿ ಪಟ್ಟಿ ಇರಲಿ, ಆದರೆ ಪ್ರತಿ ವಿನಾಯಿತಿಯ ಪಕ್ಕದಲ್ಲೂ ಏಕೆಂದು ಒಂದು ಸಾಲು ಬರೆದಿರಲಿ. ಇಡೀ ಫೋಲ್ಡರ್‌ಗೆ ವಿನಾಯಿತಿ ಕೊಡುವ ಸೋಮಾರಿತನ ಮಾತ್ರ ಬೇಡ.

ಹಂತ ಸೇರಿಸಿದ ಮೇಲೆ ಅದನ್ನು ಒಮ್ಮೆ ಕೆಣಕಿ ನೋಡಿ. ಬಾಯಿಗೆ ಬಂದ ಅಕ್ಷರಗಳ ಸುಳ್ಳು ಟೋಕನ್ ಇದಕ್ಕೆ ಆಗುವುದಿಲ್ಲ. ಗಿಟ್‌ಹಬ್ ಟೋಕನ್‌ನ ಕೊನೆಯ ಆರು ಅಕ್ಷರಗಳು ತಾಳೆ ನೋಡುವ ಮೊತ್ತ; ಸುಳ್ಳು ಟೋಕನ್‌ನಲ್ಲಿ ಅದು ತಾಳೆಯಾಗದೆ ಸಾಧನ ಅದನ್ನು ಬಿಟ್ಟುಬಿಡಬಹುದು. ಜೀವಂತ ಕೀಗಳನ್ನಷ್ಟೇ ವರದಿ ಮಾಡುವಂತೆ ನೀವು ಸಾಧನವನ್ನು ಹೊಂದಿಸಿದ್ದರಂತೂ ಸುಳ್ಳು ಟೋಕನ್ ಜರಡಿಯಿಂದ ಜಾರುತ್ತದೆ. ಯಾವ ಅಧಿಕಾರವನ್ನೂ ಕೊಡದ, ಒಂದೇ ದಿನದ ಆಯುಸ್ಸಿನ ನಿಜವಾದ ಟೋಕನ್ ಒಂದನ್ನು ಮಾಡಿಕೊಂಡು, ಬೇರೊಂದು ಶಾಖೆಯಲ್ಲಿ ಕೋಡಿನೊಳಗಿಟ್ಟು ಬಿಲ್ಡ್ ಕೊಡಿ. ಪೈಪ್‌ಲೈನ್ ಕೆಂಪಾಗಿ ನಿಂತರೆ ಟೋಕನ್ ರದ್ದು ಮಾಡಿ, ಶಾಖೆ ಅಳಿಸಿ. ಹಸಿರಾಗಿ ಮುಂದೆ ಹೋದರೆ ಬಿಚ್ಚುವ ಹಂತಕ್ಕೆ ವಾಪಸ್ಸು ಹೋಗಿ. ಎಡವಿದ್ದು ಬಹುತೇಕ ಅಲ್ಲೇ ಇರುತ್ತದೆ.